ಹುಳು ಮನೆಯ ಪಕ್ಕದ ರಾಕ್ ಶೋ

ಕೊನೆಯ ಹಾಡಿನ ಹೊತ್ತಿಗೆ ಬಾಸ್ ಎಂಬ ತಗ್ಗಿನ ಸದ್ದನ್ನು ನಾನು ಇಳಿಸಿದೆನೋ ಇಲ್ಲವೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಇಳಿಸಿದೆ ಎನ್ನುತ್ತದೆ ನನ್ನ ನೆನಪು. ಫೇಡರ್, ಅಂದರೆ ಸದ್ದನ್ನು ಏರಿಸಿ ಇಳಿಸುವ ಜಾರುಗುಂಡಿ, ಬೆರಳಿನ ಕೆಳಗೆ ಸರಿದದ್ದು ಕೂಡ ನೆನಪಿದೆ. ಆದರೆ ಆಗ ನನ್ನ ಪಕ್ಕದಲ್ಲಿ ನಿಂತಿದ್ದ ಗಿಟಾರ್ ವಾದಕ ನಯಾಜ್ ಹೇಳುವುದೇ ಬೇರೆ: "ನೀವು ಎರಡೂ ಕೈ ಕಟ್ಕೊಂಡು ನಿಂತಿದ್ರಿ ಸಾರ್. ನಾನೇ ನೋಡಿದೀನಲ್ಲ." ಭೌತಶಾಸ್ತ್ರ ಓದಿದವನಿಗೆ ಕಂಡಕಂಡದ್ದರ ಮೇಲೆಲ್ಲ ಅನುಮಾನ ಪಡುವುದು ಅಭ್ಯಾಸ. ನನ್ನ ಕೈಯ ಮೇಲೇ ನನಗೆ ಅನುಮಾನ ಬಂದದ್ದು ಮಾತ್ರ ಈ ಒಂದು ಪ್ರಸಂಗದಲ್ಲಿ.

ಮೂರು ವರ್ಷದ ಹಿಂದಿನ ಮಾರ್ಚ್ ತಿಂಗಳು. ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಅಧ್ಯಾಪಕನಾಗಿದ್ದ ನಾನು ಆ ಕೆಲಸ ಬಿಟ್ಟು ಸೌಂಡ್ ಎಂಜಿನಿಯರ್ ಆಗಿ ಬಹಳ ಕಾಲವಾಗಿತ್ತು. ಬಿಡಲು ದೊಡ್ಡ ಕಾರಣವೇನೂ ಇರಲಿಲ್ಲ. ಅದೇ ಪಾಠವನ್ನು ಅದೇ ಬೋರ್ಡಿನ ಮೇಲೆ ಪ್ರತಿ ವರ್ಷ ಬರೆಯುತ್ತ ಕೂರುವ ಜಾಯಮಾನ ನನ್ನದಲ್ಲ, ಅಷ್ಟೆ. ವೇದಿಕೆಯ ಮೇಲಿನ ಒಂದೊಂದು ವಾದ್ಯಕ್ಕೂ ಮೈಕ್ ಇಟ್ಟು, ಆ ಸದ್ದುಗಳನ್ನೆಲ್ಲ ಮಿಕ್ಸರ್‌ಗೆ ತಂದು ಹದ ಮಾಡಿ ಸ್ಪೀಕರ್‌ಗಳಿಗೆ ಕಳಿಸುವುದು ಈ ಕೆಲಸ. ಮದುವೆಯಾದರೂ ಸರಿ, ಪಕ್ಷದ ಸಭೆಯಾದರೂ ಸರಿ.

ನನ್ನ ಹಳೆಯ ವಿದ್ಯಾರ್ಥಿ ಮುನಿರಾಜು ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಇನ್‌ಚಾರ್ಜ್. ರಜೆಯ ದಿನ ಡ್ರಮ್ಸ್ ಬಾರಿಸುತ್ತಾನೆ. ಅವನ ಬ್ಯಾಂಡಿನಲ್ಲಿ ಗಿಟಾರ್ ಹಿಡಿಯುವ ನಯಾಜ್‌ಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ಇಬ್ಬರು ಚಿಂತಾಮಣಿಯ ಹುಡುಗರು ಸೇರಿ ಒಟ್ಟು ನಾಲ್ಕು ಜನ. ಹಿಂದಿನ ಕಾಲದ ವಿದೇಶಿ ರಾಕ್ ಬ್ಯಾಂಡ್ ಒಂದು ವೇದಿಕೆಗೆ ವಿದಾಯ ಹೇಳಿದ ಕಾರ್ಯಕ್ರಮವನ್ನು, ಅದೇ ಹಾಡುಗಳು, ಅದೇ ಕ್ರಮ, ಅದೇ ಮುಕ್ತಾಯದೊಂದಿಗೆ ನಮ್ಮ ಜನರ ಮುಂದೆ ಮರಳಿ ಕಟ್ಟಬೇಕೆಂಬುದು ಮುನಿರಾಜುವಿನ ಹಟ.

ಆ ಮುಕ್ತಾಯ ಹೀಗಿತ್ತು. ಕೊನೆಯ ಹಾಡಿನ ನಡುವೆ ವಾದ್ಯಗಾರರು ಒಬ್ಬೊಬ್ಬರಾಗಿ ವೇದಿಕೆ ಇಳಿದು ಹೋಗುತ್ತಾರೆ. ಡ್ರಮ್ಮರ್ ಒಬ್ಬನೇ ಉಳಿಯುತ್ತಾನೆ. ಕಾಲಿನ ಪೆಡಲ್‌ನಿಂದ ಬಾರಿಸುವ ದೊಡ್ಡ ಕಿಕ್ ಡ್ರಮ್ ಎದೆಗೆ ಗುದ್ದಿದಂತೆ ಕೇಳುತ್ತ ಹೋಗಿ ತಟ್ಟನೆ ನಿಲ್ಲುತ್ತದೆ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕದ ಒಂದು ಚೌಟ್ರಿಯ ಮೈದಾನ ಗೊತ್ತಾಯಿತು. ಅಂದು ಮದುವೆ ಮುಹೂರ್ತವಿಲ್ಲ ಎಂಬುದನ್ನು ವಿಚಾರಿಸಿಕೊಂಡಿದ್ದೆವು. ಪೊಲೀಸ್ ಅನುಮತಿಯಾಯಿತು, ಜನರೇಟರ್ ಆಯಿತು. ಆ ಸೀಮೆಯಲ್ಲಿ ಓಡಾಡುವವರು ಮೊದಲು ಕೇಳಬೇಕಾದ ಒಂದು ಮಾತನ್ನು ಮಾತ್ರ ಯಾರೂ ಕೇಳಲಿಲ್ಲ: ಪಕ್ಕದ ಮನೆಯಲ್ಲಿ ರೇಷ್ಮೆ ಹುಳು ಯಾವಾಗ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ?

ಮಧ್ಯಾಹ್ನ ಸದ್ದಿನ ಪರೀಕ್ಷೆ ಶುರು ಮಾಡಿದೆ. ಸಬ್ ವೂಫರ್ ಎಂದರೆ ತೀರಾ ತಗ್ಗಿನ ಸದ್ದನ್ನು ಮಾತ್ರ ಹೊರಡಿಸುವ ಭಾರಿ ಪೆಟ್ಟಿಗೆ. ಅಂಥವನ್ನು ವೇದಿಕೆಯ ಮುಂದೆ ನೆಲದ ಮೇಲೆ ಸಾಲಾಗಿ ಇಟ್ಟಿದ್ದೆ. ಮುನಿರಾಜು ಕಿಕ್ ಡ್ರಮ್ ಬಾರಿಸತೊಡಗಿದ. ಸ್ವಲ್ಪ ಹೊತ್ತಿಗೆಲ್ಲ ಎಡಗಡೆಯ ಗಿಡ್ಡ ಗೋಡೆಯಾಚೆಯಿಂದ ಒಬ್ಬ ಹೆಂಗಸು ಹೆಗಲ ಟವೆಲ್ ಬೀಸುತ್ತ ಓಡಿ ಬಂದರು.

"ನಿಲ್ಸಣ್ಣಾ, ನಿಲ್ಸು! ಹುಳ ಎಲ್ಲಾ ತಲೆ ಎತ್ಕೊಂಡು ನಿಂತ್ಬಿಟ್ಟವೆ!"

ಅವರೇ ಸುಜಾತಮ್ಮ. ಗೋಡೆಯಾಚೆಗೆ ಅವರು ರೇಷ್ಮೆ ಸಾಕುವ ಹುಳು ಮನೆ. ಹಿಂದಿನ ದಿನವಷ್ಟೆ ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳಿಗೆ, ಬಿಟ್ಟಿದ್ದರು. ಈ ಸದ್ದಿನಿಂದ ಹುಳುವಿಗೇನು ಎಂದು ನಾನು ಕೇಳಿಯೇ ಬಿಟ್ಟೆ. ಚೌಟ್ರಿಯಲ್ಲಿ ವಾರಕ್ಕೊಂದು ಮದುವೆ ನಡೆಯುತ್ತದಲ್ಲ?

"ವಾಲಗ ಊದ್ಲಿ, ಡಿಜೆ ಹಾಕ್ಲಿ, ನಾನೇನೂ ಅಂದಿಲ್ಲ. ಅವೆಲ್ಲ ಚೌಟ್ರಿ ಒಳಗೆ ಇಡ್ತಾರೆ. ನಿಮ್ದು ನೆಲದಾಗಿಂದ ಬರ್ತಾ ಐತೆ. ಬಂದು ಕಾಲಿಟ್ಟು ನೋಡಣ್ಣ."

ನಯಾಜ್ ಆಗಲೇ ಗಿಟಾರ್ ಕೆಳಗಿಟ್ಟಿದ್ದ. "ಹುಳ ಗೂಡು ಕಟ್ಟೋದು ಒಂದೇ ಎಳೇಲಿ ಸಾರ್. ಮಧ್ಯೆ ಬೆಚ್ಚಿಬಿದ್ದು ನಿಂತ್ರೆ ಎಳೆ ತುಂಡಾಗುತ್ತೆ. ಅಂಥ ಗೂಡು ಬಿಸಿನೀರಿಗೆ ಹಾಕಿದ್ರೆ ಬಿಚ್ಕೊಳ್ಳಲ್ಲ. ನನ್ನಂಥ ಯಾವ ರೀಲರೂ ಮುಟ್ಟಲ್ಲ."

"ಇದು ಹೋದ್ರೆ ನನಗೆ ಇನ್ನೊಂದು ಬೆಳೆ ಇಲ್ಲ," ಎಂದರು ಸುಜಾತಮ್ಮ. ಗಂಡ ತೀರಿಕೊಂಡ ಮೇಲೆ ಅವರು ಒಬ್ಬರೇ ನಿಂತು ಮಾಡಿದ ಮೊದಲ ಬೆಳೆಯಂತೆ ಅದು. ಹೆಂಗಸಿನ ಕೈಲಿ ಆಗದ ಕೆಲಸ ಎಂದು ಮನೆಯವರೆಲ್ಲ ಹೇಳಿದ್ದರು. "ಈ ಸಲ ಕೈಕೊಟ್ರೆ ಹುಳು ಮನೆ ನಮ್ಮ ಮೈದುನನ ಹಸುಗಳಿಗೆ. ದೊಡ್ಡೋರ ಮುಂದೆ ಅಂಗೇ ಮಾತಾಗೈತೆ."

ನಾನು ಸುಲಭವಾಗಿ ಒಪ್ಪುವವನಲ್ಲ. ಪರೀಕ್ಷೆ ಮಾಡೋಣ ಎಂದೆ. ನಾನು ಒಳಗೆ ಇರುವಾಗ ಮುನಿರಾಜು ಮನಸ್ಸಿಗೆ ಬಂದಾಗ ಬಾರಿಸಲಿ, ಮನಸ್ಸಿಗೆ ಬಂದಾಗ ನಿಲ್ಲಿಸಲಿ, ಮೊದಲೇ ಹೇಳುವುದು ಬೇಡ. ಹುಳು ಮನೆಯ ಬಾಗಿಲಲ್ಲಿ ಸೋಂಕು ತಡೆಯಲು ಸುಣ್ಣದ ಪುಡಿ ಹರಡಿತ್ತು. ಚಪ್ಪಲಿ ಬಿಟ್ಟು ಅದನ್ನು ತುಳಿದು ಒಳಗೆ ಹೋದೆ. ಗೋಡೆಗೆ ಒರಗಿಸಿದ ಚಂದ್ರಿಕೆಗಳ ತುಂಬ ಹಳದಿಗೆ ತಿರುಗಿದ ಹುಳುಗಳು ತಲೆಯನ್ನು ಅತ್ತ ಇತ್ತ ಆಡಿಸುತ್ತ ನೂಲು ಬಿಡುತ್ತಿದ್ದವು. ಡ್ರಮ್ಮಿಗೆ ಪೆಟ್ಟು ಬಿದ್ದಾಗ ಅವು ನಿಂತವು. ನಿಂತದ್ದನ್ನು ಕಂಡೆ ಎಂದುಕೊಂಡೆ. ಆದರೆ ಡ್ರಮ್ಮಿನ ಸದ್ದು ನನ್ನ ಕಿವಿಗೂ ಬೀಳುತ್ತಿತ್ತು. ಪಕ್ಕದಲ್ಲಿ ಸುಜಾತಮ್ಮ, "ನೋಡಿ, ನೋಡಿ" ಎನ್ನುತ್ತಿದ್ದರು. ಹೀಗಿರುವಾಗ ಕಂಡದ್ದು ಹುಳುವನ್ನೋ, ಅವರ ಭಯವನ್ನೋ?

ಒಂದು ಸ್ಟೀಲ್ ಲೋಟದ ತುಂಬ ನೀರು ಕೇಳಿ ನೆಲದ ಮೇಲಿಟ್ಟೆ. ಪ್ರತಿ ಹೊಡೆತಕ್ಕೂ ನೀರಿನ ಮೇಲೆ ಬಳೆಯಂಥ ಅಲೆ ಎದ್ದಿತು. ಲೋಟಕ್ಕೆ ಭಯವಿಲ್ಲ, ಮೈದುನನೂ ಇಲ್ಲ. ಹೊರಗೆ ಬಂದು ನೆಲ ನೋಡಿದೆ. ಹುಳು ಮನೆ ನಿಂತಿದ್ದ ಹಾಸುಬಂಡೆಯೇ ಗೋಡೆಯಡಿಯಲ್ಲಿ ಹಾದು ನಮ್ಮ ವೇದಿಕೆಯ ಕೆಳಗೂ ಚಾಚಿತ್ತು. ನನ್ನ ಪೆಟ್ಟಿಗೆಗಳು ಬಂಡೆಯನ್ನು ಬಾರಿಸುತ್ತಿದ್ದವು, ಬಂಡೆ ಚಂದ್ರಿಕೆಯನ್ನು ನಡುಗಿಸುತ್ತಿತ್ತು.

ಅಷ್ಟರಲ್ಲಿ ಗೌರಿಬಿದನೂರಿನ ಕಡೆಯಿಂದ ಕಾರ್ಯಕ್ರಮ ನೋಡಲು ಬರುವ ಕಾರ್ಖಾನೆಯವರ ಮೊದಲ ಬಸ್ಸು ಬಂದು ನಿಂತಿತು. ಶುರುವಾಗಲು ಇನ್ನು ಹೆಚ್ಚು ಹೊತ್ತಿರಲಿಲ್ಲ.

ಬಂಡೆಗೂ ಪೆಟ್ಟಿಗೆಗೂ ನಡುವೆ ಮೆತ್ತಗಿನದೇನಾದರೂ ಬೇಕಿತ್ತು. ಹುಳುಗಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯ ರಾಶಿ ಸುಜಾತಮ್ಮನ ಅಂಗಳದಲ್ಲಿತ್ತು. ಚೌಟ್ರಿಯ ಕೋಣೆಯಲ್ಲಿ ಮದುವೆ ನೆಂಟರಿಗಾಗಿ ಪೇರಿಸಿದ್ದ ಹತ್ತಿ ಹಾಸಿಗೆಗಳಿದ್ದವು. ಎಲ್ಲರೂ ಸೇರಿ ಹೊತ್ತೆವು. ಕೆಳಗೆ ಕಡ್ಡಿ, ಅದರ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಪ್ಲೈವುಡ್, ಪ್ಲೈವುಡ್ ಮೇಲೆ ಸಬ್ ವೂಫರ್. ಡ್ರಮ್ಸ್‌ಗೂ ಅದೇ ಏರ್ಪಾಟು.

"ನೆಂಟರ ಹಾಸ್ಗೆ ಮೇಲೆ ಡ್ರಮ್ ಬಾರ್ಸಿದ ಮೊದಲ್ನೇ ಗಂಡಸು ನೀನೇ ಕಣೋ," ಎಂದ ನಯಾಜ್. ಮುನಿರಾಜು ನಗಲಿಲ್ಲ.

ಲೋಟವನ್ನು ಮತ್ತೆ ಇಟ್ಟು ನೋಡಿದೆ. ಮಾಮೂಲಿ ಹಾಡುಗಳಿಗೆ ನೀರು ಅಲುಗಲಿಲ್ಲ. ಕೊನೆಯ ಹಾಡಿನ ಮಟ್ಟಕ್ಕೆ ಏರಿಸಿದಾಗ ಮಾತ್ರ ಅಲೆ ಮತ್ತೆ ಎದ್ದಿತು.

"ಕೊನೇದು ಬಿಟ್ಬಿಡು ಮುನಿರಾಜು," ಎಂದೆ. "ಇಲ್ಲಾಂದ್ರೆ ಕಿಕ್ ಇಲ್ದೆ ಬಾರ್ಸು."

"ಆಗಲ್ಲ ಸಾರ್. ಒಂದು ಬ್ಯಾಂಡು ಜೀವಮಾನ ಪೂರ್ತಿ ನುಡಿಸಿ ಎದ್ದು ಹೋದ ಗಳಿಗೆ ಅದು. ಅದನ್ನೇ ತೆಗೆದ್ರೆ ನಾವು ಮಾಡ್ತಿರೋದು ಮಿಮಿಕ್ರಿ. ಎರಡು ವರ್ಷ ಅದೊಂದನ್ನೇ ಪ್ರಾಕ್ಟೀಸ್ ಮಾಡಿದೀನಿ."

"ಆಯಮ್ಮಂದು ಬೆಳೆ ಕಣೋ," ಎಂದ ನಯಾಜ್.

"ಗೊತ್ತು ಬಿಡೋ! ನಾನೇನು ಕುರುಡನಾ?" ಎಂದು ರೇಗಿ ಮುನಿರಾಜು ವೇದಿಕೆಯ ಹಿಂದಕ್ಕೆ ನಡೆದುಬಿಟ್ಟ.

ಕೊನೆಗೆ ನಾನೇ ಒಂದು ದಾರಿ ಹುಡುಕಿದೆ. ಸುಜಾತಮ್ಮ ಹುಳು ಮನೆಯಲ್ಲೇ ಇದ್ದು ಲೋಟವನ್ನು ನೋಡುತ್ತಿರಬೇಕು. ನೀರು ಅಲುಗಿದರೆ ಬಾಗಿಲಿಗೆ ಬಂದು ಟವೆಲ್ ಎತ್ತಬೇಕು. ಬಾಗಿಲ ಮೇಲೆ ಬಲ್ಬಿತ್ತು, ನನ್ನ ಮಿಕ್ಸರ್‌ನಿಂದ ನೇರವಾಗಿ ಕಾಣುತ್ತಿತ್ತು. ಟವೆಲ್ ಕಂಡ ಕೂಡಲೇ ನಾನು ಸಬ್ ವೂಫರ್‌ಗಳ ಫೇಡರ್ ಇಳಿಸುತ್ತೇನೆ. "ಮರೀಬೇಡಣ್ಣ," ಎಂದರು ಸುಜಾತಮ್ಮ. ಮರೆಯುವುದಿಲ್ಲ ಎಂದೆ.

ಶುರುವಾಗುವ ಮುನ್ನ ಮುನಿರಾಜು ಬಂದು ಡ್ರಮ್ಸ್ ಮುಂದೆ ಕುಳಿತ. ಬರಿಗಾಲಲ್ಲಿದ್ದ, ಪಾದಗಳು ಬೆಳ್ಳಗಿದ್ದವು. ಮೈದಾನದ ಧೂಳು ಎಂದುಕೊಂಡೆ.

ಇಡೀ ಕಾರ್ಯಕ್ರಮದಲ್ಲಿ ನಾನು ಒಂದು ಹಾಡನ್ನೂ ನೆಟ್ಟಗೆ ಕೇಳಲಿಲ್ಲ. ಒಂದು ಕಣ್ಣು ಮಿಕ್ಸರ್ ಮೇಲೆ, ಒಂದು ಕಣ್ಣು ಆ ಬಲ್ಬಿನ ಮೇಲೆ. ಜನ ಕುಣಿದರು, ಸಿಳ್ಳೆ ಹೊಡೆದರು. ಬಾಗಿಲಿಗೆ ಯಾರೂ ಬರಲಿಲ್ಲ. ಕೊನೆಯ ಹಾಡು ಬಂತು. ಚಿಂತಾಮಣಿಯ ಇಬ್ಬರೂ ಇಳಿದರು. ನಯಾಜ್ ಕೊನೆಯ ತಂತಿ ಮೀಟಿ, ಇಳಿದು ಬಂದು ನನ್ನ ಪಕ್ಕ ನಿಂತ. ಮುನಿರಾಜು ಒಬ್ಬನೇ ಉಳಿದ.

ಇಲ್ಲಿಂದ ಮುಂದೆ ಯಾವ ನೆನಪೂ ಇನ್ನೊಂದಕ್ಕೆ ಹೊಂದುವುದಿಲ್ಲ. ಬಲ್ಬಿನ ಕೆಳಗೆ ಟವೆಲ್ ಮೇಲೆದ್ದಿತು, ನಾನು ಫೇಡರ್ ಎಳೆದೆ, ಸದ್ದು ತೆಳ್ಳಗಾಯಿತು, ಕೋಲುಗಳ ಹೊಡೆತವಷ್ಟೇ ಉಳಿಯಿತು, ಇದು ನನ್ನದು. ನಾನು ಕೈ ಕಟ್ಟಿ ನಿಂತಿದ್ದೆ, ಇದು ನಯಾಜ್‌ನದು. "ನಾನು ಬಾಗಿಲಿಗೇ ಬರ್ಲಿಲ್ಲವಲ್ಲಣ್ಣ. ನೀರು ಅಲುಗ್ಲೇ ಇಲ್ಲ, ಯಾಕೆ ಬರ್ಲಿ?" ಎಂದವರು ಸುಜಾತಮ್ಮ. ಮುನಿರಾಜು ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತ ಬಂದಿದ್ದಾನೆ: "ಒರಿಜಿನಲ್ ಹೆಂಗಿತ್ತೋ ಹಂಗೇ ಬಾರ್ಸಿದೀನಿ ಸಾರ್."

ಬೆಳೆ ಉಳಿಯಿತು. ಆ ಗೂಡನ್ನು ಮಾರುಕಟ್ಟೆಯ ಹರಾಜಿನಲ್ಲಿ ನಯಾಜ್ ತಾನೇ ಕೊಂಡ. ಎಳೆ ಸಲೀಸಾಗಿ ಬಿಚ್ಚಿಕೊಂಡಿತೆಂದು ನನಗೆ ಫೋನ್ ಮಾಡಿ ಹೇಳಿದ. ಹುಳು ಮನೆ ಹುಳು ಮನೆಯಾಗಿಯೇ ಇದೆ. ಹಸುಗಳಿಗೆ ಮೈದುನ ಬೇರೆ ಕಡೆ ಶೀಟು ಹಾಕಿಸಿದ್ದಾನೆ.

ಕೆಲಸ ಸುಸೂತ್ರವಾಗಿ ಮುಗಿದಾಗ ಅದು ತನ್ನ ಕೈಯಿಂದಲೇ ಮುಗಿಯಿತೆಂದು ನಂಬಲು ಮನಸ್ಸಿಗೆ ಯಾವ ಸಾಕ್ಷಿಯೂ ಬೇಕಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಆದ್ದರಿಂದ ಇದನ್ನು ಬರೆಯಲು ಕುಳಿತಾಗ ಹಳೆಯ ಹಾರ್ಡ್ ಡಿಸ್ಕ್ ತೆಗೆದೆ. ಅಂದಿನ ಕಾರ್ಯಕ್ರಮದಲ್ಲಿ ಒಂದೊಂದು ಮೈಕಿನ ಸದ್ದೂ ಬೇರೆ ಬೇರೆಯಾಗಿ ಅದರಲ್ಲಿ ದಾಖಲಾಗಿತ್ತು. ಆ ಸದ್ದು ದಾಖಲಾಗುವುದು ಫೇಡರ್‌ಗೆ ತಲುಪುವ ಮೊದಲೇ. ಹಾಗಾಗಿ ನಾನು ಫೇಡರ್ ಇಳಿಸಿದೆನೋ ಇಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ. ಆ ಅನುಮಾನ ಹಾಗೆಯೇ ಉಳಿಯಲಿ.

ಕಿಕ್ ಡ್ರಮ್ಮಿನ ಮೈಕನ್ನು ಮಾತ್ರ ಪ್ರತ್ಯೇಕವಾಗಿ ಕೇಳಿದೆ. ಹಿಂದಿನ ಹಾಡುಗಳಲ್ಲೆಲ್ಲ ಹೊಡೆತಗಳು ಗಟ್ಟಿಯಾಗಿವೆ. ಕೊನೆಯ ಹಾಡಿನಲ್ಲಿ ಉಳಿದ ಡ್ರಮ್‌ಗಳ ಸದ್ದು ದೂರದಿಂದ ಸೋರಿ ಬರುತ್ತದೆ, ಚಪ್ಪಾಳೆ ಸೋರಿ ಬರುತ್ತದೆ. ಚಪ್ಪಾಳೆಯ ನಂತರ ಅವನು ಎದ್ದಾಗ ಕಾಲು ಪೆಡಲಿಗೆ ತಾಗಿದ ಒಂದು ಮೆಲ್ಲನೆಯ ಸದ್ದೂ ಇದೆ. ಅಂದರೆ ಮೈಕ್ ಕೆಟ್ಟಿರಲಿಲ್ಲ. ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡೆ: ಒಬ್ಬನೇ ಉಳಿದಿದ್ದ ಅಷ್ಟು ಹೊತ್ತಿನಲ್ಲಿ ಮುನಿರಾಜು ಕಿಕ್ ಡ್ರಮ್‌ಗೆ ಒಂದು ಪೆಟ್ಟನ್ನೂ ಹಾಕಿಲ್ಲ. ಅಂದು ಅವನ ಪಾದಗಳ ಮೇಲಿದ್ದದ್ದು ಮೈದಾನದ ಧೂಳಲ್ಲ, ಹುಳು ಮನೆಯ ಬಾಗಿಲ ಸುಣ್ಣವಿರಬೇಕು.