ಟ್ಯಾಂಕಿನ ಬಾಯಿ ಮೇಲೆ ಕೂತದ್ದು

ನಮ್ಮ ಹೊಲದ ಮನೆಯಲ್ಲಿ ಡೀಸೆಲ್ ಎಷ್ಟು ಉಳಿದಿದೆ ಎಂದು ಅಳೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಗ್ರಹಚಾರ. ನನ್ನನ್ನು ಕೊಟ್ಟ ಮನೆ ಜವಳಗೇರಾದ ಕಡೆಯದು, ನಾಲೆ ನೀರಿನ ಭತ್ತದ ಸೀಮೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಟ್ರ್ಯಾಕ್ಟರಿಗೂ ಡೀಸೆಲ್ ಬೇಕು, ಹಳ್ಳದಿಂದ ನೀರೆತ್ತುವ ಇಂಜಿನ್ನಿಗೂ ಬೇಕು. ಸಿಂಧನೂರಿನ ಬಂಕಿಗೆ ಹೋದರೆ ಒಂದು ದಿನ ಸಿಕ್ಕೀತು, ಒಂದು ದಿನ ಇಲ್ಲ. ಅದಕ್ಕೆ ನಮ್ಮ ಯಜಮಾನರು ಲಿಂಗಸುಗೂರಿನ ಗುಜರಿಯಿಂದ ದೊಡ್ಡದೊಂದು ಹಳೆಯ ಕಬ್ಬಿಣದ ಟ್ಯಾಂಕು ತಂದು, ಟ್ರ್ಯಾಕ್ಟರ್ ನಿಲ್ಲಿಸುವ ಚಪ್ಪರದ ಪಕ್ಕ ನೆಲದಲ್ಲಿ ಹೂತಿದ್ದರು. ಮೇಲೆ ಕಾಣುತ್ತಿದ್ದದ್ದು ಅದರ ಬಾಯಿ ಮಾತ್ರ. ಭುಜ ಕುಗ್ಗಿಸಿದರೆ ಒಬ್ಬ ಮನುಷ್ಯ ಇಳಿಯುವಷ್ಟು ಅಗಲ, ಮೇಲೊಂದು ಕಬ್ಬಿಣದ ಮುಚ್ಚಳ.

ಅಳತೆಗೆ ಒಂದು ಬಿದಿರು ಕೋಲು. ಅದರ ಮೈತುಂಬ ಯಜಮಾನರು ಚಾಕುವಿನಿಂದ ಗೀರು ಹಾಕಿದ್ದರು. ಕೋಲಿಗೆ ಸುಣ್ಣ ಬಳಿದು ಒಳಗೆ ಇಳಿಬಿಡಬೇಕು, ತಳ ಮುಟ್ಟಿದ್ದು ಕೈಗೆ ತಿಳಿಯುತ್ತದೆ. ಮೇಲೆತ್ತಿದಾಗ ಸುಣ್ಣ ಎಲ್ಲಿಯವರೆಗೆ ನೆನೆದಿದೆಯೋ ಅಲ್ಲಿಯವರೆಗೆ ಡೀಸೆಲ್ ಇದೆ ಎಂದು ಲೆಕ್ಕ. ಅವರು ಊರಲ್ಲಿಲ್ಲದ ದಿನ ಅಳೆಯುವವಳು ನಾನು. ಬಾಯಿ ತೆರೆದೊಡನೆ ಒಳಗಿನ ಕಪ್ಪು, ಆ ವಾಸನೆ, ಕೋಲು ತಗುಲಿದಾಗ ತಳದಿಂದ ಬರುವ ಗುಂಯ್ ಎಂಬ ಸದ್ದು, ಎಲ್ಲ ಸೇರಿ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಮುಖ ಆಚೆ ತಿರುಗಿಸಿಯೇ ಕೋಲು ಇಳಿಬಿಡುತ್ತಿದ್ದೆ. ಅತ್ತೆ ನೋಡಿ ನಗುತ್ತಿದ್ದಳು. "ಏನಬೇ, ಒಳಗ ಹುಲಿ ಐತೇನು?" ಎನ್ನುತ್ತಿದ್ದಳು.

ಹುಲಿಯಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ನನ್ನ ತವರು ಸಂತೆಕಲ್ಲೂರು, ಕರಿಮಣ್ಣಿನ ಎರಿ ಭೂಮಿ, ಜೋಳದ ಸೀಮೆ. ಅಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು, ಎಂದರೆ ನೆಲದೊಳಗೆ ತೋಡಿದ ಕಣಜದಲ್ಲಿ. ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದು, ಒಳಗಿನ ಗಾಳಿ ಕೆಟ್ಟಿರುತ್ತದೆ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು, ಆರಿದರೆ ಹತ್ತಿರವೂ ಸುಳಿಯಬಾರದು. ಒಂದು ವರ್ಷ ನಮ್ಮ ಕಾಕಾ ಅವಸರಪಟ್ಟು ಹಾಗೆಯೇ ಇಳಿದ. "ಬುಟ್ಟಿ ಬಿಡ್ರಿ" ಎಂದು ಒಳಗಿನಿಂದ ಕೂಗಿದ. ಬುಟ್ಟಿ ಬಿಟ್ಟರು. ಹಿಡಿಯುವವರು ಇರಲಿಲ್ಲ. ನಾನಾಗ ಲಂಗದ ಹುಡುಗಿ, ಅಲ್ಲೇ ನಿಂತಿದ್ದೆ.

ಆ ಬೇಸಿಗೆ ನಾಲೆಯ ನೀರು ನಿಂತಿತ್ತು. ಭತ್ತದ ತೆನೆಯಲ್ಲಿ ಹಾಲುಗಾಳು ಕಟ್ಟಿತ್ತು, ಹಳ್ಳದ ನೀರು ಒಂದು ಸಲ ಹಾಯಿಸಿದರೆ ಸಾಕಿತ್ತು. ಬಂಕಿನ ಮುಂದೆ ಬ್ಯಾರಲ್ಲುಗಳ ಸಾಲಿನಲ್ಲಿ ನಿಂತು ಯಜಮಾನರು ಬರಿಗೈಲಿ ಬಂದಿದ್ದರು. ಟ್ಯಾಂಕಿನಲ್ಲಿದ್ದ ಡೀಸೆಲ್ಲಿಗೆ ಮೊದಲೇ ಒಂದಿಷ್ಟು ಸೀಮೆಎಣ್ಣೆ ಬೆರೆಸಿದ್ದರು. ಬೆಳಿಗ್ಗೆ ಕೋಲು ಇಳಿಬಿಟ್ಟರೆ ಮೊಣಕಾಲುದ್ದ ನೆನೆದು ಬಂತು. ಆದರೆ ಡೀಸೆಲ್ ಮೇಲೆತ್ತುವ ಕೈಪಂಪು ತಿರುಗಿಸಿದರೆ ಬರೀ ಗೊರ ಗೊರ ಸದ್ದು, ಒಂದು ಹನಿ ಬರಲಿಲ್ಲ. ಕೋಲು ಇದೆ ಎನ್ನುತ್ತದೆ, ಪಂಪು ಇಲ್ಲ ಎನ್ನುತ್ತದೆ. ಪೈಪಿನ ಬುಡಕ್ಕೆ ರಾಡಿ ಕಟ್ಟಿದೆಯೋ, ಇಲ್ಲ ಕೋಲಿಗೆ ಹತ್ತಿದ್ದೇ ಬರೀ ರಾಡಿಯೋ, ಯಾರಿಗೆ ಗೊತ್ತು?

"ಇಳದು ನೋಡೇ ಬಿಡ್ತೀನಿ" ಎಂದರು ಯಜಮಾನರು.

"ಬ್ಯಾಡ್ರೀ, ಒಳಗ ಗಾಳಿ ಕೆಟ್ಟಿರತೈತಿ."

"ಹಗೇವಲ್ಲ ಇದು. ನಿಮ್ಮೂರಿನ ಮಾತು ಇಲ್ಲಿ ಬ್ಯಾಡ." ತಲೆಗೆ ಟವೆಲ್ ಸುತ್ತಿಕೊಂಡರು. ಟ್ಯಾಂಕಿನ ಬಾಯಿಯ ಅಂಚಿಗೆ ಕೂತು ಕಾಲು ಒಳಗೆ ಬಿಟ್ಟೇಬಿಟ್ಟರು. ಭತ್ತ ಒಣಗುವ ಚಿಂತೆಯಲ್ಲಿ ಆ ಮನುಷ್ಯನಿಗೆ ಕಣ್ಣು ಕಾಣುತ್ತಿರಲಿಲ್ಲ. ನನಗೆ ಎಂಥಾ ಸಿಟ್ಟು ಬಂತೆಂದರೆ, ಹೆದರಿಕೆ ಇಲ್ಲದಿದ್ದರೆ ಅವರ ಜುಟ್ಟು ಹಿಡಿದು ಎಳೆಯುತ್ತಿದ್ದೆನೇನೋ.

ಅಪ್ಪ ನನ್ನನ್ನು ನೋಡಲು ಹಿಂದಿನ ದಿನವೇ ಬಂದಿದ್ದ. ಮಸ್ಕಿಯಲ್ಲಿ ಬಸ್ಸು ಬದಲಿಸಿ, ಸೇಂಗಾದ ಗಂಟು ಹೊತ್ತುಕೊಂಡು ಬಂದಿದ್ದ. ಅಳಿಯನ ಮನೆಯಲ್ಲಿ ಅವನು ಮಾತಾಡುವುದೇ ಕಡಿಮೆ. ನಮ್ಮ ಮಾತು ಕೇಳಿದವನು ಎದ್ದು ಮನೆಯೊಳಗೆ ಹೋದ. ಪುಣ್ಯಕ್ಕೆ ಅಪ್ಪನಾದರೂ ಬುದ್ಧಿ ಹೇಳಿಯಾನು ಎಂದುಕೊಂಡೆ. ಹೊರಗೆ ಬಂದಾಗ ನೋಡಿದರೆ, ಹಾಡುಹಗಲಲ್ಲಿ ಒಂದು ಕೈಯಲ್ಲಿ ಹಚ್ಚಿದ ಕಂದೀಲು, ಇನ್ನೊಂದು ಕೈಯಲ್ಲಿ ಹಗ್ಗ!

"ಅಳಿಯಾರ, ತಡೀರಿ. ಮೊದಲು ದೀಪ ಇಳಿಬಿಡೋಣು. ದೀಪ ಉಳದ್ರ ನೀವು ಇಳೀರಿ."

ಅಯ್ಯೋ ಶಿವನೇ! ಅಪ್ಪನಿಗೆ ಅದು ಕಬ್ಬಿಣದ ಹಗೇವು, ಅಷ್ಟೇ. ತಮ್ಮನನ್ನು ಕಳಕೊಂಡ ಮನುಷ್ಯ ಅಳಿಯನನ್ನು ಕಳಕೊಳ್ಳಬಾರದೆಂದು ಹೊರಟಿದ್ದ. ಟ್ಯಾಂಕಿನಿಂದೇಳುವ ಸೀಮೆಎಣ್ಣೆಯ ವಾಸನೆ ನನ್ನ ಮೂಗಿಗೇ ಬಡಿಯುತ್ತಿತ್ತು. ಅಪ್ಪ ಒಂದೊಂದು ಹೆಜ್ಜೆ ಹತ್ತಿರ ಬಂದಷ್ಟೂ ಗಂಡ, ಅಪ್ಪ, ಅತ್ತೆ, ಚಪ್ಪರ, ದನ, ಎಲ್ಲ ಒಟ್ಟಿಗೆ ಉರಿಯುವುದು ನನ್ನ ಕಣ್ಣ ಮುಂದೆ ಬಂತು.

"ಮಾವಾ! ಅಲ್ಲೇ ನಿಂದರ್ರಿ! ಎಲ್ಲಾರನ್ನೂ ಸುಡಾಕ ಬಂದೀರೇನು?" ಯಜಮಾನರು ಕಾಲು ಮೇಲೆತ್ತಿಕೊಂಡು ಓಡಿದರು. ಕಂದೀಲು ಕಿತ್ತುಕೊಂಡು ಹೋಗಿ ದನಗಳ ಬಾನಿಯ ನೀರಲ್ಲಿ ಅದ್ದಿದರು. ಗಾಜು ಚಟ್ ಎಂದು ಸೀಳಿತು.

ಅಪ್ಪ ಬರಿಗೈ ನೋಡಿಕೊಳ್ಳುತ್ತ ನಿಂತ. "ದೀಪ ಬಿಡದ ಇಳೀಬ್ಯಾಡ್ರಿ ಅಳಿಯಾರ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದ.

"ದೀಪ ಬಿಟ್ರ ಸುಟ್ಟು ಸಾಯ್ತೀವಿ ಅಂತೀನಿ ನಾ!"

ಇಬ್ಬರೂ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಇಬ್ಬರ ಮಾತೂ ಖರೆ, ಅದೇ ನನ್ನ ಜೀವ ಹಿಂಡಿದ್ದು. ದೀಪ ಇಳಿದರೂ ಸಾವು, ದೀಪ ಇಲ್ಲದೆ ಮನುಷ್ಯ ಇಳಿದರೂ ಸಾವು. ನಾನು ಏನು ಯೋಚಿಸಿದೆನೋ ಈಗಲೂ ತಿಳಿಯದು. ಮುಚ್ಚಳ ಎಳೆದು ಮುಚ್ಚಿದೆ, ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟೆ.

ಬೇಸಿಗೆಯ ಕಬ್ಬಿಣ, ಕಾದ ಹೆಂಚಿನಂತೆ ಸುಡುತ್ತಿತ್ತು. ಸೀರೆ ದಾಟಿ ಉರಿ ಮೈಗೆ ಹತ್ತಿತು. ಸೊಸೆಯಾದವಳು ಗಂಡ, ಅತ್ತೆ, ಅಪ್ಪನ ಎದುರು ಹಾಗೆ ಕೂತದ್ದನ್ನು ಕಂಡು ಅತ್ತೆ ಹೌಹಾರಿದಳು.

"ಏಯ್, ಏಳು ಮ್ಯಾಲೆ" ಎಂದರು ಯಜಮಾನರು.

"ಏಳಂಗಿಲ್ರೀ."

"ಎಳದು ಒಗೀತೀನಿ ನೋಡು!"

"ಒಗೀರಿ. ಆಮ್ಯಾಲೆ ನನ್ನ ಹೆಣ ದಾಟಿ ಇಳೀರಿ." ಅಳುತ್ತಲೂ ಇದ್ದೆ, ಬೈಯುತ್ತಲೂ ಇದ್ದೆ.

ಅತ್ತೆ ಹಣೆ ಬಡಿದುಕೊಂಡಳು. "ನನ್ನ ಮಗಾ ಸಾಯ್ತಾನಂತ ಬಾಯಿ ತುಂಬ ಅನ್ನಾಕತ್ತಾಳಲ್ಲೋ ಇಕಿ! ಅಷ್ಟು ಅಂಜಿಕಿ ಇದ್ರ ಒಂದು ಕೋಳಿ ಇಳಿಬಿಡ್ರಿ. ಕೋಳಿ ಕೂಗಿದ ಮ್ಯಾಲಾದ್ರೂ ಏಳ್ತಾಳೇನೋ ಮಾರಾಯ್ತಿ!"

ಚುಚ್ಚಲೆಂದೇ ಹೇಳಿದ ಮಾತು. ಆದರೆ ಅಪ್ಪ ತಲೆ ಎತ್ತಿದ. "ಆಗಲಿ ಬೀಗ್ತಿ. ಕೋಳಿ ಕೊಡ್ರಿ" ಎಂದ. ಅತ್ತೆ ಹಿಂದೆ ಸರಿಯುವ ಹೆಂಗಸಲ್ಲ. ತಾನೇ ಸಾಕಿದ ಕೆಂಪು ಕೋಳಿಯನ್ನು ಹಿಡಿದು ತಂದು ಬುಟ್ಟಿಗೆ ಹಾಕಿ, ಮೇಲೆ ಹಳೇ ಬಲೆ ಕಟ್ಟಿದಳು. ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಆಗ ನಾನು ಎದ್ದು ಮುಚ್ಚಳ ಸರಿಸಿದೆ.

ಅಪ್ಪ ಬುಟ್ಟಿ ಇಳಿಬಿಟ್ಟ. ಕೋಳಿ ಕೊಕ್ಕೊಕ್ಕೊ ಎಂದು ಗಲಾಟೆ ಎಬ್ಬಿಸಿತು. ಅದರ ರೆಕ್ಕೆ ಬಡಿತ ಟ್ಯಾಂಕಿನೊಳಗೆ ದೊಡ್ಡದಾಗಿ ಕೇಳಿಸುತ್ತಿತ್ತು.

"ಕೇಳ್ರಿ, ಎಷ್ಟು ಗಟ್ಟಿ ಐತಿ ನೋಡ್ರಿ!" ಎಂದು ಯಜಮಾನರು ನಕ್ಕರು.

ರೆಕ್ಕೆ ಬಡಿತ ನಿಧಾನವಾಯಿತು. ಕಾಲು ಕೆರೆಯುವ ಸದ್ದು ಒಂದಿಷ್ಟು ಬಂತು. ಆಮೇಲೆ ಅದೂ ಇಲ್ಲ. ಅಪ್ಪನ ಕೈಯಲ್ಲಿ ಹಗ್ಗ ಅಲ್ಲಾಡುವುದು ನಿಂತಿತು. "ಎಳೀಲೇನು?" ಎಂದು ಅಪ್ಪ ಕೇಳಿದ. ಕಾಯದೆ ತಾನೇ ಎಳೆದ.

ಬಲೆ ಬಿಚ್ಚಿ ಅತ್ತೆ ಕೋಳಿಯನ್ನು ಕೈಗೆತ್ತಿಕೊಂಡಳು. ಅದರ ಕುತ್ತಿಗೆ ಜೋತುಬಿತ್ತು. ಮೈಯಿನ್ನೂ ಬಿಸಿ ಇತ್ತಂತೆ. ಅವಳು ಅದನ್ನು ನೆಲಕ್ಕಿಡಲಿಲ್ಲ, ಮಗನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಅದೇ ಕೋಳಿ ಹಿಡಿದ ಕೈಯಿಂದಲೇ ಅವನ ಬೆನ್ನಿಗೆ, ಭುಜಕ್ಕೆ, ಸಿಕ್ಕಲ್ಲೆಲ್ಲ ಹೊಡೆಯತೊಡಗಿದಳು. "ಇಳಿ ಈಗ! ಇಳೀತೀನಿ ಅಂದ್ಯಲ್ಲ, ಇಳಿ!" ಎಂದು ಹೊಡೆಯುತ್ತ ಹೊಡೆಯುತ್ತ ಕುಸಿದು ಕೂತು ಹಾಡಿಕೊಂಡು ಅತ್ತಳು.

ನಾನು ಮತ್ತೆ ಮುಚ್ಚಳ ಎಳೆದು ಮುಚ್ಚಿ ಅದರ ಮೇಲೆ ಕೂತೆ. ಸುಡುವುದು ಗೊತ್ತಾಗಲಿಲ್ಲ. ಯಜಮಾನರು ಹತ್ತಿರ ಬಂದರು. ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ. ಅವರು ಕೆಳಗೆ ಕುಕ್ಕರುಗಾಲಲ್ಲಿ ಕೂತು ನನ್ನ ಮುಂಗೈ ಹಿಡಿದರು.

"ಏಳಬ್ಯಾಡ" ಎಂದರು. "ನಾ ಹೇಳಿದ್ರೂ ಏಳಬ್ಯಾಡ."