ಗೇಟಿನ ಪಕ್ಕದ ಎರಡು ಸಾಲು ಕಲ್ಲು

2024ರ ಫೆಬ್ರುವರಿಯ ಒಂದು ಶನಿವಾರ ಮಧ್ಯಾಹ್ನ, ತಾಂಡೂರಿನಲ್ಲಿ ಕೊಂಡ ಹಳೆಯ ಜರ್ಮನ್ ಕಾರು ನಾರಾಯಣಖೇಡ್‌ನಲ್ಲಿರುವ ನನ್ನ ಅಕ್ಕನ ಮನೆ ಮುಂದೆ ಬಂದು ನಿಂತಿತು. ಅದನ್ನು ಕೊಂಡದ್ದು ಅಕ್ಕನಿಗಾಗಿ. ಅಕ್ಕನಿಗೆ ಅದರೊಳಗೆ ಕೂರಲಾಗಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಅವಳು ಅಂಗಳದಲ್ಲಿ ಜಾರಿ ಬಿದ್ದಿದ್ದಳು. ಬೆನ್ನುಮೂಳೆಯ ಒಂದು ಎಲುಬು ಕುಸಿದಿತ್ತು. ಹೈದರಾಬಾದಿನ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ವೈದ್ಯರು ಹೇಳಿದ್ದು ಎರಡೇ ಮಾತು. ಸೊಂಟ ಬಗ್ಗಿಸಬಾರದು. ವಾರಕ್ಕೊಮ್ಮೆ ಫಿಜಿಯೊಥೆರಪಿ ತಪ್ಪಿಸಬಾರದು. ತಪ್ಪಿಸಿದರೆ ನಡಿಗೆ ನಿಲ್ಲುತ್ತದೆ.

ಆ ಫಿಜಿಯೊಥೆರಪಿ ಸಿಗುತ್ತಿದ್ದದ್ದು ನಾನಿರುವ ಜಹೀರಾಬಾದಿನಲ್ಲಿ. ಭಾವ ನಾರಾಯಣಖೇಡ್‌ನಲ್ಲಿ ತೊಗರಿ, ಹೆಸರು, ಕಡಲೆಯ ಅಡತಿ ವ್ಯಾಪಾರಿ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲ್ಲಾಳಿ. ಅವರ ಹತ್ತಿರ ಇದ್ದದ್ದು ಚೀಲ ಸಾಗಿಸುವ ಜೀಪು. ಅದರ ಕುಲುಕಾಟದಲ್ಲಿ ಎರಡು ಸಲ ಹೋಗಿ ಬಂದ ಮೇಲೆ ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.

"ನಾ ಒಲ್ಲೆ. ನಡಿಗಿ ಹೋದ್ರ ಹೋಗಲಿ. ಈ ಜೀಪಿನ್ಯಾಗ ಕುಂತ್ರ ಜೀವಾನೇ ಹೋಗ್ತದ."

ಮನೆಯಲ್ಲೇ ಮಾಡುತ್ತಿದ್ದ ವ್ಯಾಯಾಮ ಸಾಲಲಿಲ್ಲ. ಚಳಿ ಬೀಳುವ ಹೊತ್ತಿಗೆ ಅವಳ ನಡಿಗೆ ಮಂಚದಿಂದ ಅಡುಗೆಮನೆಯವರೆಗೆ ಬಂದು ನಿಂತಿತ್ತು.

ಐಷಾರಾಮಿ ಕಾರಿನ ಯೋಚನೆ ಭಾವನದು. ಆಸ್ಪತ್ರೆಯಿಂದ ಅಕ್ಕನನ್ನು ಮನೆಗೆ ತಂದದ್ದು ಬೀಗರೊಬ್ಬರ ದೊಡ್ಡ ಸೆಡಾನ್‌ನಲ್ಲಿ. ಆಸ್ಪತ್ರೆಯ ಇಬ್ಬರು ಸಿಬ್ಬಂದಿ ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ್ದರು. ನಾರಾಯಣಖೇಡ್ ಬರುವವರೆಗೂ ಅವಳು ನಿದ್ದೆ ಮಾಡಿದ್ದಳು. "ಹೊಟ್ಟ್ಯಾಗಿನ ನೀರು ಅಲುಗಲಿಲ್ಲ ನೋಡು" ಎಂದು ಭಾವ ಅದನ್ನು ಹಲವು ಸಲ ಹೇಳಿದ್ದರು. ಅಂಥ ಹೊಸ ಕಾರು ಅವರ ಕೈಗೆ ಎಟುಕುವಂಥದ್ದಲ್ಲ. ಹಳೆಯದಾದರೆ, ಹೊಸ ಸಣ್ಣ ಕಾರಿನ ಬೆಲೆಯೊಳಗೆ ಸಿಗಬಹುದು ಎಂದು ಲೆಕ್ಕ ಹಾಕಿದರು. ಎಲ್ಲಿ, ಯಾವುದು, ಎಷ್ಟು ಸುಳ್ಳು ಎಂದು ವಿಚಾರಿಸುವ ಕೆಲಸ ನನಗೆ ಬಂತು. ನಾನು ಪತ್ರಿಕೆಗೆ ಸುದ್ದಿ ಬರೆಯುವವನು.

"ಏ ಪೇಪರ್ ಸಾಹೇಬಾ, ಮಂದಿ ಬಣ್ಣ ಬಯಲು ಮಾಡ್ತಿಯಲ್ಲ, ಒಂದು ಗಾಡಿ ಬಣ್ಣ ಬಯಲು ಮಾಡು ನೋಡೂನು," ಎಂದರು.

ಅವರು ಮೊದಲೇ ಒಂದು ಷರತ್ತು ಹಾಕಿದರು. ಕಾರು ಯಾರಿಗೆ, ಯಾಕೆ ಎಂದು ಯಾರ ಮುಂದೆಯೂ ಬಾಯಿ ಬಿಡಬಾರದು. ಅಕ್ಕ ಎಲ್ಲಿಗೂ ಬರಬಾರದು. ಇದು ಅಡತಿಯ ನಿಯಮ. ಗಿರಣಿಯವನಿಗೆ ತೊಗರಿ ತುರ್ತಾಗಿ ಬೇಕಿದ್ದರೆ ಅವನು ಬಜಾರಕ್ಕೆ ತಾನು ಬರುವುದಿಲ್ಲ, ಬೇರೆಯವನನ್ನು ಕಳಿಸುತ್ತಾನೆ. ಮಗಳ ಮದುವೆ ಗೊತ್ತಾದ ರೈತ ಆ ಸುದ್ದಿಯನ್ನು ಮಾಲು ಮಾರುವ ತನಕ ಮುಚ್ಚಿಡುತ್ತಾನೆ.

"ಗರಜು ಇದ್ದಾವ್ರು ಬಜಾರದಾಗ ಮುಖಾ ತೋರಿಸಬಾರದು," ಎಂದರು ಭಾವ. "ಆಕಿ ಬೆನ್ನಿಗಿ ಬೆಲ್ಟ್ ಕಟ್ಕೊಂಡು, ಗ್ವಾಡಿ ಹಿಡ್ಕೊಂಡು ಬಂದು ನಿಂತ್ರ, ಮುಂದಿನಂವ ರೇಟು ಏರಿಸ್ತಾನ. ದೋಸ್ತಗಂತ ಹೇಳೂನು."

ಜಹೀರಾಬಾದಿನ ಹೆದ್ದಾರಿ ಬದಿಯಲ್ಲಿ ಹಳೆ ಕಾರುಗಳ ಅಂಗಡಿಯೊಂದಿದೆ. ಮೊದಲು ಅಲ್ಲಿಗೆ ಹೋದೆವು. ಅಂಗಡಿಯವನು ಬೆಳ್ಳಿ ಬಣ್ಣದ ಕಾರೊಂದರ ಬಾನೆಟ್ ಮೇಲೆ ಕೈಯಿಟ್ಟು ನಿಂತ.

"ಏಕದಮ್ ಕಂಡೀಶನ್ ಗಾಡಿ ಅದರಿ ಸೇಠ್. ಡಾಕ್ಟರ್ ಸಾಬ್ ಓಡ್ಸಿದ್ದು. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ."

"ಆ ಪಕ್ಕದಾಗ ನಿಂತದ್ದು?" ಎಂದರು ಭಾವ.

"ಅದೂ ಡಾಕ್ಟರ್ ಸಾಬಂದೇ ಅಲ್ಲೇನ್ರಿ."

"ಇಷ್ಟು ಡಾಕ್ಟರ್ ಇದ್ರೂ ನಮ್ಮ ಮಂದಿ ಯಾಕ ಸಾಯ್ತಾರಪಾ?" ಎಂದು ಕೇಳಿ ಭಾವ ಡಿಕ್ಕಿ ತೆರೆಸಿದರು.

ಚೀಲದ ತೊಗರಿ ನೋಡುವವರು ಬಾಯಿ ಬಿಚ್ಚಿ ಮೇಲಿನದನ್ನು ನೋಡುವುದಿಲ್ಲ. ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲದ ತಳಕ್ಕೆ ಚುಚ್ಚಿ ಅಲ್ಲಿಯ ಕಾಳು ಹೊರಗೆ ತೆಗೆಯುತ್ತಾರೆ. ಭಾವ ಕಾರನ್ನೂ ಹಾಗೇ ನೋಡಿದರು. ಡಿಕ್ಕಿಯ ಹಾಸು ಎತ್ತಿಸಿ, ಹೆಚ್ಚುವರಿ ಟೈರು ತೆಗೆಸಿ, ಆ ತಗ್ಗಿನ ಮೂಲೆಗೆ ಬೆರಳು ಹಾಕಿದರು. ಬೆರಳಿಗೆ ಒಣಗಿದ ನುಣ್ಣನೆಯ ಕೆಸರು ಹತ್ತಿತು. ಮೂಸಿ ನೋಡಿ ನನ್ನ ಮೂಗಿಗೂ ಹಿಡಿದರು. ಊದಿನಕಡ್ಡಿಯ ವಾಸನೆಯ ಅಡಿಯಲ್ಲಿ ಮುಗ್ಗಲು ವಾಸನೆ ಇತ್ತು. ನಗರದಲ್ಲಿ ಮಳೆಯ ನೀರಿನಲ್ಲಿ ಮುಳುಗಿದ ಕಾರುಗಳನ್ನು ತೊಳೆದು ಸಣ್ಣ ಊರುಗಳಲ್ಲಿ ಮಾರುತ್ತಾರೆ ಎಂಬುದನ್ನು ಕೇಳಿದ್ದೆ. ಆ ಕಾರು ಮುಳುಗಿತ್ತೇ ಎಂಬುದಕ್ಕೆ ನಮ್ಮ ಬಳಿ ಇದ್ದ ಸಾಕ್ಷ್ಯ ಆ ಬೆರಳು ಮಾತ್ರ. ನಾವು ಹೊರಟೆವು.

ಮುಂದಿನ ತಿಂಗಳುಗಳಲ್ಲಿ ಇನ್ನೂ ಕೆಲವನ್ನು ನೋಡಿದೆವು. ಒಂದರ ಮೀಟರು ಕಡಿಮೆ ಓಡಿದೆ ಎನ್ನುತ್ತಿತ್ತು. ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣುಪಾಗಿತ್ತು. ಇನ್ನೊಂದರ ಒಂದು ಬಾಗಿಲು ಮಾತ್ರ ಉಳಿದ ಮೂರಕ್ಕಿಂತ ಹೊಸದಾಗಿ ಹೊಳೆಯುತ್ತಿತ್ತು. ಮತ್ತೊಂದು ಪಕ್ಕದ ರಾಜ್ಯದ ನೋಂದಣಿಯದು. ಅಲ್ಲಿಯ ನಿರಾಕ್ಷೇಪಣಾ ಪತ್ರ "ನಾಳಿ ಬರ್ತದ" ಎಂದು ಮಾರುವವನು ಹೇಳುತ್ತಲೇ ಇದ್ದ. ನನ್ನ ಪರಿಚಯದ ಮೆಕ್ಯಾನಿಕ್ ಒಬ್ಬ ಜೊತೆಗೆ ಬರುತ್ತಿದ್ದ. ಇಂಥ ಕಾರಿನ ಬಗ್ಗೆ ಅವನ ಅಭಿಪ್ರಾಯ ಮೊದಲಿನಿಂದಲೂ ಒಂದೇ: "ತೊಗೊಳ್ಳಾಕ ಆಡು, ಸಾಕಾಕ ಆನಿ." ಅವನು ಬೇಡ ಎಂದಾಗ ಭಾವ, ಇವನಿಗೆ ಬೇರೆ ಕಡೆ ಕಮಿಷನ್ ಇರಬೇಕು ಎನ್ನುತ್ತಿದ್ದರು. ಚೆನ್ನಾಗಿದೆ ಎಂದರೆ, ಇಲ್ಲೇ ಕಮಿಷನ್ ಇರಬೇಕು ಎನ್ನುತ್ತಿದ್ದರು.

ತಾಂಡೂರಿನ ಕಾರಿನ ಸುದ್ದಿ ಬಂದದ್ದು ಜನವರಿಯಲ್ಲಿ. ಮಾಲೀಕರು ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಘಟಕ ಇಟ್ಟುಕೊಂಡಿದ್ದವರು, ಹಣೆಗೆ ವಿಭೂತಿ, ಮಾತು ಕಡಿಮೆ. ಮನೆಯ ಅಂಗಳದಲ್ಲಿ ಕಪ್ಪು ಸೆಡಾನ್ ನಿಂತಿತ್ತು. ಡಿಕ್ಕಿಯ ತಳದಲ್ಲಿ ಕಲ್ಲಿನ ಬೂದು ಪುಡಿ ಬಿಟ್ಟರೆ ಏನೂ ಇರಲಿಲ್ಲ. ಪೆಡಲು, ಸೀಟು, ಮೀಟರು ಒಂದಕ್ಕೊಂದು ಹೊಂದುತ್ತಿದ್ದವು. ಸರ್ವಿಸ್ ಮಾಡಿದ ವರ್ಕ್‌ಶಾಪಿಗೆ ನಾನು ಫೋನ್ ಮಾಡಿ ಕೇಳಿದೆ. ಮಾಲೀಕರು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ವ್ಯತ್ಯಾಸ ಇರಲಿಲ್ಲ. ಇದರಿಂದ ಭಾವನ ಸಂಶಯ ಹೆಚ್ಚಾಯಿತು.

"ಇಷ್ಟು ಛಲೋ ಗಾಡಿ ಯಾಕ ಮಾರ್ತೀರಿ?"

"ಮನ್ಯಾಗ ಗಾಡಿ ಹೆಚ್ಚಾಗ್ಯಾವರಿ."

ಅಂಗಳದಲ್ಲಿ ಬೇರೆ ಗಾಡಿ ಇರಲಿಲ್ಲ. ಭಾವ ನನ್ನ ಕಡೆ ನೋಡಿದರು.

"ನೀವು ಯಾರಿಗಂತ ತೊಗೊಳ್ಳಾಕತ್ತೀರಿ?" ಮಾಲೀಕರು ಕೇಳಿದರು.

"ನಮ್ಮ ದೋಸ್ತಗ್ರಿ."

"ದೋಸ್ತ ಬಂದಿಲ್ಲ?"

"ಅಂವ ಊರಿಗಿ ಹೋಗ್ಯಾನ."

ಮಾಲೀಕರು ತಲೆಯಾಡಿಸಿದರು. ಒಬ್ಬರ ಉತ್ತರವನ್ನು ಇನ್ನೊಬ್ಬರು ನಂಬಿದಂತೆ ಕಾಣಲಿಲ್ಲ.

ಆಗ ಭಾವನ ಕಣ್ಣಿಗೆ ಗೇಟಿನ ಪಕ್ಕದ ಕಲ್ಲು ಬಿತ್ತು. ಫರಸಿಗಳನ್ನು ಒಂದರ ಮೇಲೊಂದು ಪೇರಿಸಿ ಎರಡು ಸಾಲು ಮಾಡಿದ್ದರು. ಮೊಣಕಾಲಿಗಿಂತ ಕೆಳಗಿನ ಎತ್ತರ, ಒಂದು ಕಾರಿನ ಉದ್ದ, ಗೇಟಿನ ಕಡೆಗೆ ಇಳಿಜಾರು. ಎರಡರ ಮೇಲೂ ಟೈರು ಉಜ್ಜಿದ ಕಪ್ಪು ಗುರುತು. ಭಾವ ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಿದಿ? ಗಾಡಿ ಮ್ಯಾಲೇರಿಸಿ ತಳಾ ರಿಪೇರಿ ಮಾಡ್ತಾನ. ಆಯಿಲ್ ಸೋರ್ತದ. ಇಲ್ಲಾ ಚಾಸಿ ಸೊಟ್ಟ ಅದ."

ಆ ಕಲ್ಲು ಯಾಕೆ ಎಂದು ಮಾಲೀಕರನ್ನೇ ಕೇಳಿದೆ. "ಅದಾ? ಹಂಗೇ ಇಟ್ಟೀವ್ರಿ. ಕಲ್ಲಿನ ಧಂದೆ, ಎಲ್ಲೆಲ್ಲೂ ಕಲ್ಲೇ," ಎಂದರು. ಒಳಗೆ ಪಡಸಾಲೆಯಲ್ಲಿ ಎತ್ತರದ ಕುರ್ಚಿಯ ಮೇಲೆ ಅವರ ತಾಯಿ ಕುಳಿತಿದ್ದರು. ಪಕ್ಕದಲ್ಲಿ ಹಿಡಿದು ನಡೆಯುವ ವಾಕರ್ ಇತ್ತು. ಮುದುಕಿ ಏನೋ ಹೇಳಲು ಬಾಯಿ ತೆರೆದರು. ಮಗ "ಚಹಾ ತರಿಸವ್ವಾ" ಎಂದರು. ಇದನ್ನೆಲ್ಲ ನಾನು ನೋಡಿದೆ. ಇದರಿಂದ ಯಾವ ತೀರ್ಮಾನಕ್ಕೂ ಬರಲಿಲ್ಲ.

ಮರುವಾರ ಮೆಕ್ಯಾನಿಕ್‌ನನ್ನು ಕರೆದೊಯ್ದು, ಅದೇ ಕಲ್ಲಿನ ಮೇಲೆ ಕಾರು ಏರಿಸಿ, ಅಡಿಯಲ್ಲಿ ಮಲಗಿಸಿದೆವು. ಅವನು ಟಾರ್ಚು ಹಿಡಿದು ಬಹಳ ಹೊತ್ತು ನೋಡಿದ. ಹೊರಗೆ ಬಂದು, ಒಣಗಿದೆ, ನೇರವಾಗಿದೆ, ತೆಗೆದುಕೊಳ್ಳಿ ಎಂದ. ಭಾವ ಅವನ ಮುಖವನ್ನೇ ನೋಡಿದರು. ನಂತರ ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಬಲಗೈ ಮೇಲೆ ಹಾಕಿಕೊಂಡರು.

ಹಳೆಯ ಅಡತಿಗಳಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದು ತಿಳಿಸುತ್ತಿದ್ದರು. ಕಲ್ಲಿನ ಮಾಲೀಕರು ಮೊದಲ ಸಲ ನಕ್ಕರು. "ಇದು ನಮ್ಮಪ್ಪ ಮಾಡ್ತಿದ್ದ್ರು. ನನಗ ಅರ್ಧಾ ನೆನಪದ," ಎಂದು ಕೈ ಒಳಗೆ ಹಾಕಿದರು. ಟವೆಲ್ಲು ಸ್ವಲ್ಪ ಹೊತ್ತು ಅಲುಗಾಡಿತು. "ಆತು" ಎಂದರು ಒಬ್ಬರು. "ಆತ್ರಿ" ಎಂದರು ಇನ್ನೊಬ್ಬರು. ಅಲ್ಲಿ ಒಪ್ಪಿದ ಬೆಲೆ ಎಷ್ಟೆಂಬುದು ನನಗೆ ಈಗಲೂ ಗೊತ್ತಿಲ್ಲ.

ಫೆಬ್ರುವರಿಯ ಆ ಶನಿವಾರ ನಾರಾಯಣಖೇಡ್‌ನಲ್ಲಿ ತೆಂಗಿನಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಅಕ್ಕ ಬೆಲ್ಟ್ ಬಿಗಿದುಕೊಂಡು, ಗೋಡೆ ಹಿಡಿದು ಹೊರಗೆ ಬಂದಳು. ಭಾವ ಹಿಂದಿನ ಬಾಗಿಲು ತೆರೆದು ನಿಂತರು. ಸೀಟು ಅವಳ ಮೊಣಕಾಲಿನ ಮಟ್ಟದಲ್ಲಿತ್ತು. ತಲೆ ತಗ್ಗಿಸದೆ, ಸೊಂಟ ಮಡಿಸದೆ ಒಳಗೆ ಹೋಗುವ ದಾರಿ ಇರಲಿಲ್ಲ. ಒಂದು ಕೈ ಬಾಗಿಲಿಗೆ, ಒಂದು ಕೈ ಚಾವಣಿಗೆ ಕೊಟ್ಟು ಪ್ರಯತ್ನಿಸಿದಳು. ಮುಖ ಬೆವರಿತು. ನೇರವಾಗಿ ನಿಂತಳು.

"ಬಾವ್ಯಾಗ ಇಳಿದಂಗ ಆಗ್ತದ."

ಭಾವ ತೆರೆದಿದ್ದ ಬಾಗಿಲು ಮುಚ್ಚಿದರು.

"ಇಷ್ಟು ತಿಂಗಳಾ ಗಾಡಿ ಮೂಸಿ ಮೂಸಿ ನೋಡೀರಿ," ಅಕ್ಕ ಭಾವನಿಗೆ ಹೇಳಿದಳು. "ನನ್ನ ಒಂದ ಸಲ ಕೂಡ್ಸಿ ನೋಡಬೇಕಂತ ಬರಲಿಲ್ಲೇನ್ರಿ? ತೊಗರಿ ತೊಗೊಂಡ್ರೂ ಕುದಿಸಿ ನೋಡ್ತಾರ."

ಅವಳು ಒಳಗೆ ಹೋದಳು. ಭಾವ ಸ್ವಲ್ಪ ಹೊತ್ತು ಕಾರಿನ ಸುತ್ತ ತಿರುಗಿದರು. ನಂತರ, "ಅಂವಗ ಗೊತ್ತಿತ್ತು. ಅಂವ ಏನೋ ಮುಚ್ಚಿಟ್ಟಾನ. ಹಚ್ಚು ಫೋನ್" ಎಂದರು. ಸ್ಪೀಕರ್ ಹಾಕಿ ತಾಂಡೂರಿಗೆ ಫೋನ್ ಮಾಡಿದೆ. ಮಾಲೀಕರು ಎಲ್ಲ ಕೇಳಿಸಿಕೊಂಡರು.

"ನೀವು ದೋಸ್ತಗ ಅಂದಿದ್ರಲ್ಲ."

ಭಾವ ಫೋನಿನ ಹತ್ತಿರ ಬಂದರು. "ನಮ್ಮ ಮನಿಯಾಕಿಗ್ರಿ."

"ಬೆನ್ನಾ, ಮೊಣಕಾಲಾ?"

"ಬೆನ್ನು."

"ಮತ್ತ ಆ ಕಲ್ಲು ಯಾಕ ಬಿಟ್ಟು ಹೋದ್ರಿ?"

ಕಲ್ಲು ಇಟ್ಟದ್ದು ಅವರ ತಾಯಿಗಾಗಿ. ಸಾಲಿನ ಮೇಲೆ ಕಾರು ಏರಿಸಿ ನಿಲ್ಲಿಸಿದರೆ, ನೆಲದ ಮೇಲೆ ನಿಂತವರ ಸೊಂಟದ ತುಸು ಕೆಳಗಿನ ಎತ್ತರಕ್ಕೆ ಸೀಟು ಬರುತ್ತದೆ. ಬಗ್ಗದೆ ಕೂರಬಹುದು, ಬಗ್ಗದೆ ಇಳಿಯಬಹುದು. ಕಲ್ಲು ಇಲ್ಲದ ಕಡೆ, ಒಂದು ಮದುವೆ ಮಂಟಪದ ಮುಂದೆ, ಅವರ ತಾಯಿ ಇಳಿಯಲು ಹೋಗಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ಮಾರುವ ಕಾರಣ ಅದು.

"ಮೊದಲ ಬಂದವ್ರಿಗಿ ಖರೇ ಹೇಳಿದೆ," ಎಂದರು ಮಾಲೀಕರು. "ಕಾಲು ಮುರಿಯೂ ಗಾಡಿ ಅಂತ ಓಡಿ ಹೋದ್ರು. ಆಮ್ಯಾಲ ಹೇಳೂದು ಬಿಟ್ಟೆ. ಅವ್ವ ಆವತ್ತು ನಿಮಗ ಹೇಳಾಕ ಬಂದಿದ್ದಳು. ನಾನೇ ಬಾಯಿ ಮುಚ್ಚಿಸಿದೆ. ನಿಮ್ಮ ಮನ್ಯಾಗ ಇಂಥಾಕಿ ಅದಾಳಂತ ಗೊತ್ತಿದ್ರ ನಾ ಮಾರ್ತಿದ್ದಿಲ್ಲ, ಇಲ್ಲಾ ಕಲ್ಲು ಕೂಡೇ ಮಾರ್ತಿದ್ದೆ."

ಕಾರು ವಾಪಸ್ ತೆಗೆದುಕೊಳ್ಳಲು ಅವರು ಒಪ್ಪಿದರು. ಭಾವ ಅಕ್ಕನ ಕಡೆ ನೋಡಿದರು. ಅವಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

"ಕಲ್ಲು ತರಿಸ್ರಿ," ಎಂದಳು.

ಮುಂದಿನ ವಾರ ಈ ಕಡೆ ಬರುವ ಫರಸಿ ಲಾರಿಯಲ್ಲಿ ಅವೇ ಕಲ್ಲುಗಳು ಬಂದವು. ಟೈರಿನ ಕಪ್ಪು ಗುರುತು ಹಾಗೇ ಇತ್ತು. ಭಾವ ಪ್ರತಿ ಕಲ್ಲನ್ನೂ ಮಗುಚಿ ಅಡಿ ನೋಡಿ ಇಳಿಸಿಕೊಂಡರು. ಸಾಲು ಕಟ್ಟಿ, ಕಾರು ಏರಿಸಿ, ಅಕ್ಕನನ್ನು ಕರೆದರು. ಅವಳು ಸೀಟಿಗೆ ಬೆನ್ನು ಮಾಡಿ ನಿಂತು, ಹಾಗೇ ಹಿಂದಕ್ಕೆ ಕುಳಿತು, ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿದಳು.

ಉಳಿದದ್ದು ಜಹೀರಾಬಾದಿನಲ್ಲಿ ಇಳಿದು ಹತ್ತುವ ಪ್ರಶ್ನೆ. ತಾಂಡೂರಿನ ಮುದುಕಿ ಬಿದ್ದದ್ದು ಮನೆಯಲ್ಲಿ ಅಲ್ಲ, ಹೋದ ಕಡೆ ಎಂಬುದನ್ನು ಭಾವ ಮತ್ತೆ ಮತ್ತೆ ನೆನಪಿಸಿದರು. ನಾನು ಫಿಜಿಯೊಥೆರಪಿ ಕೊಡುವ ಆಸ್ಪತ್ರೆಯ ಮುಂದೆ ಒಂದು ಬೆಳಗ್ಗೆ ಓಡಾಡಿ ನೋಡಿದೆ. ಅಲ್ಲಿಯ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಅದು ಪಕ್ಕದ ನೆಲಕ್ಕಿಂತ ಎತ್ತರವಾಗಿದೆ. ಗೇಟಿನ ಎಡಕ್ಕೆ ಅಂಚು ನೇರವಾಗಿ ಕೆಳಗಿಳಿದಿದೆ. ಕಾರನ್ನು ಆ ಅಂಚಿಗೆ ತಂದು ನಿಲ್ಲಿಸಿದರೆ, ಎಡಬಾಗಿಲಿನಿಂದ ಇಳಿಯುವವರ ಕಾಲು ತಗ್ಗಿನ ಮಣ್ಣಿಗೆ ತಾಗುತ್ತದೆ. ಅಳತೆ ಟೇಪು ಹಿಡಿದು ನೋಡಿದೆ. ಸಾಲುತ್ತಿತ್ತು. ಭಾವ ಬಂದು ಮತ್ತೊಮ್ಮೆ ಅಳೆದರು.

ಅಂದಿನಿಂದ ಅಕ್ಕ ವಾರಕ್ಕೊಮ್ಮೆ ಬರುತ್ತಿದ್ದಾಳೆ. ಕಾರಿಗೆ ಈವರೆಗೆ ಬ್ಯಾಟರಿ ಒಂದನ್ನು ಬದಲಿಸಿದ್ದಾರೆ. ಕಳೆದ ಗುರುವಾರ ಅವಳು ಗೇಟಿನ ಎಡಕ್ಕೆ ಇಳಿದು, ಏನನ್ನೂ ಹಿಡಿಯದೆ, ಆಸ್ಪತ್ರೆಯ ಬಾಗಿಲವರೆಗೆ ನಡೆದಳು. ಅವಳು ಕಾಲಿಡುವ ಅದೇ ತಗ್ಗಿನ ಮಣ್ಣಿನ ಮೇಲೆ, ರಸ್ತೆಯ ಅಂಚಿಗೆ, ಹೊಸ ಚರಂಡಿ ತೋಡಲು ಸುಣ್ಣದ ಗೆರೆ ಎಳೆದಿದ್ದಾರೆ.