ಗಾಜಿಗೆ ಬಾರದ ಕೆಂಪು

ನನ್ನ ತಂಗಿಯ ಗಂಡ, ಅಂದರೆ ನಮ್ಮ ಭಾವ, ಆರು ವರ್ಷ ಯುದ್ಧ ಮಾಡಿದ್ದು ಒಂದು ಮೇಜಿನ ಮೇಲೆ. ಪ್ರಯೋಗಾಲಯದ ಕತ್ತಲೆ ಕೋಣೆಯಲ್ಲಿ ಗಾಜಿಗೆ ಅಂಟಿಸಿದ ತೆಳು ಫಿಲ್ಮಿಗೆ ಅವನು ಲೇಸರ್ ಬೆಳಕು ಕುಡಿಸುತ್ತಿದ್ದ. ಹಾಗೆ ಹಾಲೊಗ್ರಾಮ್ ಮೂಡಿದ ಗಾಜು ಕಿಟಕಿಯಂತೆ ಆಚೆಯದನ್ನೂ ತೋರಿಸಬೇಕು, ಟಿ.ವಿ.ಯಂತೆ ತನ್ನ ಮೇಲೆ ಬಣ್ಣದ ಚಿತ್ರವನ್ನೂ ತೋರಿಸಬೇಕು. ಬೆಳಕು ಬೀಳುವಾಗ ಕೂದಲೆಳೆಯಷ್ಟು ಅಲುಗಿದರೂ ಎಲ್ಲ ಹಾಳು. ನಮ್ಮ ಮಹಾವೀರ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಬಾಗಿಲಾಚೆ ನಿರ್ದೇಶಕರೇ ಸೀನಿದರೂ ನುಂಗುವಂತೆ ನೋಡುತ್ತಿದ್ದ.

ನೀಲಿ ಬಂತು, ಹಸಿರು ಬಂತು. ಕೆಂಪು ಮಾತ್ರ ನೂರು ಸಲ ಒಗೆದ ಅಂಗಿಯಂತೆ ಬಂತು.

ಅವನ ಅಪ್ಪ ಅಂಗಡಿಗಳ ಗಾಜಿನ ಮೇಲೆ ಹೆಸರು ಬರೆದು ಸಂಸಾರ ಸಾಕಿದವರು. ಮಗ ಕುಂಚವಿಲ್ಲದೆ ಗಾಜಿಗೆ ಬಣ್ಣ ಹಚ್ಚುತ್ತಾನೆಂದು ಬೀದಿಗೆಲ್ಲ ಸಾರಿದ್ದರು. ಈಗ ಅವರ ಕಣ್ಣಿನ ನರ ಸಾಯುತ್ತಿತ್ತು. ದೃಷ್ಟಿ ಉಳಿಯುವುದು ಹೆಚ್ಚೆಂದರೆ ಒಂದು ವರ್ಷ ಎಂದಿದ್ದರು ವೈದ್ಯರು.

“ಒಂದ್ಸಲ ತೋರ್ಸೋ. ಹೆಂಗಿದ್ರೂ ಪರ್ವಾಗಿಲ್ಲ.”

“ಸ್ವಲ್ಪ ಇರಪ್ಪಾ. ಕೆಂಪು ಸರಿಹೋಗ್ಲಿ.”

“ನನ್ ಕಣ್ಣಿಗೂ ಹಂಗೇ ಹೇಳ್ಬಿಡು, ಇರುತ್ತೆ.”

ತಂಗಿ ಗದರಿದಳು: “ಇರೋದನ್ನೇ ತೋರ್ಸ್ಬಾರ್ದೇನ್ರೀ?”

“ಬಣ್ಣ ತೆಳು ಅಂತ ಊರಿಗೆಲ್ಲ ಹೇಳ್ತಾರೆ ಕಣೇ. ಅಪ್ಪನ ಬಾಯಿ ನಂಗೊತ್ತಿಲ್ವಾ?”

ಒಂದೇ ಫಿಲ್ಮಿಗೆ ಮೂರು ಬಣ್ಣವನ್ನು ಒಂದಾದ ಮೇಲೊಂದು ಉಣಿಸಬೇಕು. ಭಾವ ಮೊದಲ ದಿನ ಕೆಂಪನ್ನು ಕೊನೆಗಿಟ್ಟಿದ್ದ, ಅದೇ ಶಿಲಾಶಾಸನವಾಯಿತು. ಪಕ್ಕದ ಕೋಣೆಯಲ್ಲಿ ಫಿಲ್ಮಿನ ರಸಾಯನ ಕಲಸುವ ಹಿರಿಯಾಕೆ ಹೇಳಿದರು: “ನೀಲಿ, ಹಸಿರು ಉಂಡ್ಮೇಲೆ ಅದರ ಹೊಟ್ಟೇಲಿ ಜಾಗ ಎಲ್ಲಿರುತ್ತೆ ಸಾರ್? ಕೆಂಪನ್ನ ಮೊದ್ಲು ಬಡ್ಸಿ.”

“ಅಡುಗೆಮನೆ ಶಾಸ್ತ್ರ ಇಲ್ಲಿ ನಡೆಯಲ್ಲ ಮೇಡಂ,” ಎಂದು ಭಾವ ನಕ್ಕ. ಹದಿನಾಲ್ಕು ತಿಂಗಳು ನಕ್ಕ. ಆಮೇಲೆ, ಆಕೆ ರಜೆ ಹಾಕಿದ ದಿನ ನೋಡಿಕೊಂಡು, ಕಳ್ಳನಂತೆ ಕೆಂಪನ್ನು ಮೊದಲು ಬಡಿಸಿದ.

ಕೆಂಪು ಧಗಧಗಿಸಿತು. ಕಿಟಕಿಗೆ ಹಿಡಿದರೆ ಗಾಜಿನ ಆಚೆ ಬೀದಿ, ಗಾಜಿನ ಮೇಲೆ ಅಪ್ಪನದೇ ಬರಹದ ಕೆಂಪು ಅಕ್ಷರಗಳು. ಭಾವ ಓಡಿಹೋಗಿ ಅವರನ್ನು ಕರೆತಂದ. ಕೈಹಿಡಿದೇ ಕರೆತರಬೇಕಾಯಿತು, ಅವರಿಗೆ ಪೂರ್ತಿ ಕತ್ತಲಾಗಿ ಎರಡು ತಿಂಗಳಾಗಿತ್ತು.

ಅವರು ಗಾಜನ್ನು ಬೆರಳಿನಿಂದ ಸವರಿದರು. ಏನೂ ತಗಲಲಿಲ್ಲ.

“ಬಂತೇನೋ?”

“ಬಂತಪ್ಪಾ.”

“ಯಾವ ಕೆಂಪು?”

ಭಾವನಿಗೆ ಗೊತ್ತಿದ್ದದ್ದು ಆ ಬೆಳಕಿನ ಅಲೆಯ ಉದ್ದದ ಅಂಕಿ. ಅದನ್ನೇ ಹೇಳಿದ.

“ನೀನಂದ್ಮೇಲೆ ಚೆನ್ನಾಗೇ ಇರುತ್ತೆ ಬಿಡು,” ಎಂದರು ಅಪ್ಪ. ತಪ್ಪು ಹುಡುಕದೆ ಅವರು ಒಂದು ಬಣ್ಣವನ್ನು ಒಪ್ಪಿದ್ದು ಅದೇ ಮೊದಲು.